ಪಾಲಿನ ತೋಟದಲ್ಲಿ ಪ್ರತಿ ವಾರ ಬುಟ್ಟಿ ತುಂಬಬೇಕೇ? ಕಂತಿನಲ್ಲಿ ಬಿತ್ತಿ

ಪಾಲಿನ ತೋಟ ಅಂದರೆ ಒಂದಷ್ಟು ಮನೆಯವರು ಸೇರಿ ಹಂಗಾಮಿನ ಆರಂಭದಲ್ಲೇ ಬೆಳೆಯುವವರಿಗೆ ದುಡ್ಡು ಕೊಡುವುದು, ಬೆಳೆದ ತರಕಾರಿಯನ್ನು ವಾರವಾರ ಹಂಚಿಕೊಳ್ಳುವುದು. ಜಪಾನಿನಲ್ಲಿ 1970ರ ದಶಕದಿಂದ, ಅಮೆರಿಕದಲ್ಲಿ 1986ರಿಂದ ಇಂಥ ತೋಟಗಳು ನಡೆಯುತ್ತಿವೆ. ಆಲಿಕಲ್ಲು ಬಿದ್ದು, ಹುಳು ಹೊಡೆದು ಬೆಳೆ ಹೋದರೆ ಆ ನಷ್ಟಕ್ಕೂ ಎಲ್ಲರೂ ಹೆಗಲು ಕೊಡಬೇಕು ಅನ್ನುವುದೇ ಇದರ ಮೂಲ ಒಪ್ಪಂದ.

ಆದರೆ ನಾನು ಮತ್ತೆ ಮತ್ತೆ ನೋಡಿರುವುದು ಬೇರೆಯೇ. ಮಣ್ಣು ಚೆನ್ನಾಗಿರುತ್ತದೆ, ದುಡಿಯುವ ಕೈಗಳಿರುತ್ತವೆ, ನೀರಿಗೂ ಕೊರತೆ ಇರುವುದಿಲ್ಲ. ಆದರೂ ಒಂದು ವಾರ ಮನೆಗೆ ಮೂರು ಕಟ್ಟು ಮೂಲಂಗಿ, ಮುಂದಿನ ಎರಡು ವಾರ ಬರೀ ಸೊಪ್ಪು. ಕಾರಣ ಏನು ಅಂದರೆ, ಇಡೀ ಪೊಟ್ಟಣದ ಬೀಜವನ್ನು ಒಂದೇ ದಿನ ಬಿತ್ತಿಬಿಟ್ಟಿರುತ್ತಾರೆ. ಆಲಿಕಲ್ಲನ್ನು ಪಾಲುದಾರರು ಸಹಿಸಿಕೊಳ್ಳುತ್ತಾರೆ. ಲೆಕ್ಕ ತಪ್ಪಿದ್ದನ್ನು ಅವರು ಯಾಕೆ ಸಹಿಸಬೇಕು?

ಹಂತ 1: ಮಡಿ

ಒಂದು ಮೀಟರ್ ಅಗಲದ ಮಡಿ ಮಾಡಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಆಮೇಲೆ ಅದರ ಮೇಲೆ ಕಾಲಿಡಬೇಡಿ. ಅಷ್ಟೇ. ಹಸಿ ಸಗಣಿ ಮಾತ್ರ ಬೇಡವೇ ಬೇಡ, ಹಸಿಯಾಗಿ ತಿನ್ನುವ ತರಕಾರಿಗೆ ಅದು ಅಪಾಯ.

ಹಂತ 2: ಬೀಜದ ಪರೀಕ್ಷೆ

ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಡಿ. ಏಳಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣ ಬಿಡಿ. ಟೊಮೆಟೊ ಬೀಜ ಮೂರು ನಾಲ್ಕು ವರ್ಷ ತಡೆಯುತ್ತದೆ, ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಪೊಟ್ಟಣದ ಮೇಲೆ ವರ್ಷ ಹಾಕಿಲ್ಲವೇ? ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ.

ಹಂತ 3: ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಬಿತ್ತುವ ದಿನದಿಂದ ಲೆಕ್ಕ ಶುರು ಮಾಡಬೇಡಿ. ಬುಟ್ಟಿ ಹಂಚುವ ದಿನದಿಂದ ಶುರು ಮಾಡಿ. 40 ಮನೆ ಇವೆ, ಮನೆಗೊಂದು ಕಟ್ಟು ಚಿಕ್ಕ ಗುಂಡು ಮೂಲಂಗಿ, ಕಟ್ಟಿಗೆ ಎಂಟು ಅಂದುಕೊಳ್ಳಿ. ಒಟ್ಟು 320 ಬೇಕು. ಮೊಳೆಯದವು, ಹುಳು ತಿಂದವು, ಸೀಳು ಬಿಟ್ಟವು ಕಳೆಯಬೇಕಲ್ವಾ, ಅದಕ್ಕೆ 400 ಬೀಜ ಹಾಕಿ. ಬೀಜದಿಂದ ಬೀಜಕ್ಕೆ 5 ಸೆಂಟಿಮೀಟರ್ ಬಿಟ್ಟರೆ 20 ಮೀಟರ್ ಸಾಲಾಯಿತು. ಒಂದು ಮಡಿಯಲ್ಲಿ ಐದು ಸಾಲು ಹಿಡಿಸಿದರೆ ಬೇಕಿರುವುದು ಬರೀ 4 ಮೀಟರ್ ಮಡಿ. ಇಷ್ಟು ಚಿಕ್ಕ ಜಾಗ ಸಾಕು ಅಂದರೆ ಯಾರೂ ನಂಬುವುದಿಲ್ಲ, ಮಡಿ ಖಾಲಿ ಕಾಣುತ್ತದೆ ಅಂತ ಸುಮ್ನೆ ಪೂರ್ತಿ ಬಿತ್ತಿಬಿಡುತ್ತಾರೆ. ಖಾಲಿಯೇ ಇರಲಿ, ಅದು ಮುಂದಿನ ವಾರದ ಜಾಗ. ಅಲ್ಲಿಯವರೆಗೆ ಒಣಹುಲ್ಲು ಹೊದಿಸಿ.

ಮುಂದಿನ ಕಂತು ಯಾವಾಗ? ಅದಕ್ಕೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಲಿತ ಮೇಲೆ ಈ ತರಕಾರಿ ಮಣ್ಣಿನಲ್ಲಿ ಎಷ್ಟು ದಿನ ಕಾಯುತ್ತದೆ? ಗುಂಡು ಮೂಲಂಗಿ ನಾಲ್ಕು ವಾರಕ್ಕೆ ಸಿದ್ಧ, ಇನ್ನೊಂದು ವಾರ ಬಿಟ್ಟರೆ ಒಳಗೆ ಬೆಂಡಾಗುತ್ತದೆ. ಆದ್ದರಿಂದ ವಾರಕ್ಕೊಂದು ಕಂತು. ಗಿಡ್ಡ ಜಾತಿಯ ಬೀನ್ಸ್ ಐವತ್ತು ಅರವತ್ತು ದಿನಕ್ಕೆ ಬಂದು ಎರಡು ಮೂರು ವಾರ ಕಾಯಿ ಕೊಡುತ್ತದೆ. ಅದಕ್ಕೆ ಎರಡೂವರೆ ವಾರಕ್ಕೊಂದು ಕಂತು. ಕ್ಯಾರೆಟ್ ಎಪ್ಪತ್ತೈದು ದಿನ ಹಿಡಿದರೂ ತಂಪು ಹವೆಯಲ್ಲಿ ಮಣ್ಣಿನಲ್ಲೇ ವಾರಗಟ್ಟಲೆ ಚೆನ್ನಾಗಿರುತ್ತದೆ, ಮೂರು ವಾರಕ್ಕೊಮ್ಮೆ ಬಿತ್ತಿದರೆ ಸಾಕು. ಎಲೆಕೋಸಿಗೆ ಕಂತು ಬೇಡ. 60 ದಿನದ್ದು, 90 ದಿನದ್ದು ಎರಡು ತಳಿ ತಂದು ಒಂದೇ ದಿನ ನಾಟಿ ಮಾಡಿ, ತಾವಾಗಿಯೇ ಬೇರೆ ಬೇರೆ ಹೊತ್ತಿಗೆ ಬರುತ್ತವೆ. ಟೊಮೆಟೊದಲ್ಲಿ ಕೋಲು ಕಟ್ಟಿ ಬೆಳೆಸುವ ಎತ್ತರದ ತಳಿಯನ್ನೇ ಹಾಕಿ. ಪೊದೆ ತಳಿಯ ಹಣ್ಣೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕೆಂಪಾಗುತ್ತದೆ. ಲಾರಿಗೆ ತುಂಬುವವರಿಗೆ ಅದು ಅನುಕೂಲ, ಹಂಚಿಕೊಳ್ಳುವವರಿಗೆ ಅಲ್ಲ.

ಇನ್ನು ಪೊಟ್ಟಣದ ಮೇಲಿನ ದಿನಗಳ ವಿಷಯ. ನೇರ ಬಿತ್ತುವ ಮೂಲಂಗಿ, ಬೀನ್ಸ್, ಕ್ಯಾರೆಟ್‌ಗೆ ಆ ಲೆಕ್ಕ ಬಿತ್ತಿದ ದಿನದಿಂದ. ಸಸಿ ಮಾಡಿ ನೆಡುವ ಟೊಮೆಟೊ, ಬದನೆ, ಕೋಸಿಗೆ ಸಾಮಾನ್ಯವಾಗಿ ನಾಟಿ ಮಾಡಿದ ದಿನದಿಂದ. ಇದು ಗೊತ್ತಿಲ್ಲದೆ 70 ದಿನದ ಟೊಮೆಟೊ ಅಂತ ಎಣಿಸಿಕೊಂಡು ಕೂತರೆ ಸಸಿ ಬೆಳೆಯಲು ಹಿಡಿದ ನಾಲ್ಕರಿಂದ ಆರು ವಾರ ಲೆಕ್ಕದಿಂದ ಜಾರಿಹೋಗಿರುತ್ತದೆ, ಪಾಲುದಾರರಿಗೆ ಹೇಳಿದ ದಿನ ಗಿಡದಲ್ಲಿ ಬರೀ ಹೂವು.

ಹವೆಯೂ ಲೆಕ್ಕ ಕೆಡಿಸುತ್ತದೆ. ಚಳಿ ಕಳೆದು ಬಿಸಿಲೇರುವ ಕಾಲದಲ್ಲಿ ಎರಡು ವಾರದ ಅಂತರದಲ್ಲಿ ಬಿತ್ತಿದ ಕಂತುಗಳು ಕೆಲವೇ ದಿನಗಳ ಅಂತರದಲ್ಲಿ ಕೊಯ್ಲಿಗೆ ಬಂದುಬಿಡಬಹುದು, ಯಾಕೆಂದರೆ ತಣ್ಣನೆ ಮಣ್ಣಿನಲ್ಲಿ ಮೊದಲನೆಯದು ಮುದುಡಿ ಕೂತಿರುತ್ತದೆ, ಬೆಚ್ಚಗಾದ ಮೇಲೆ ಹಾಕಿದ ಎರಡನೆಯದು ಓಡೋಡಿ ಬಂದು ಸೇರಿಕೊಳ್ಳುತ್ತದೆ. ಚಳಿಗೆ ಹೋಗುವಾಗ ಇದರ ಉಲ್ಟಾ, ಎರಡು ದಿನ ತಡವಾಗಿ ಬಿತ್ತಿದ್ದು ಒಂದು ವಾರ ತಡವಾಗಿ ಬರುತ್ತದೆ. ಹಗಲು 10 ಗಂಟೆಗಿಂತ ಕಡಿಮೆ ಇರುವ ಕಡೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅದಕ್ಕೇ ಹವೆ ಬದಲಾಗುವ ತಿಂಗಳುಗಳಲ್ಲಿ ಕ್ಯಾಲೆಂಡರ್ ಬದಿಗಿಟ್ಟು ಗಿಡವನ್ನೇ ನೋಡಿ. ಮೊದಲು ಬರುವ ಜೋಡಿ ಎಲೆಗಳು ದಪ್ಪಗೆ, ನುಣ್ಣಗೆ ಇರುತ್ತವೆ, ಅವು ಲೆಕ್ಕಕ್ಕಿಲ್ಲ. ಅವುಗಳ ನಡುವಿನಿಂದ ಆ ಗಿಡದ್ದೇ ಆಕಾರದ ಎಲೆ ಇಣುಕಿತೋ, ಮುಂದಿನ ಕಂತು ಬಿತ್ತಿ.

ಹಂತ 4: ಸಸಿ

ಸಸಿ ತಟ್ಟೆಯಲ್ಲಿ ಬೆಳೆಸಿ, ನಾಲ್ಕೈದು ಎಲೆ ಬಂದ ಮೇಲೆ ಸಂಜೆ ಹೊತ್ತು ನೆಡಿ. ತೆಳ್ಳನೆ ಪ್ಲಾಸ್ಟಿಕ್ ತಟ್ಟೆ ಎರಡನೇ ಸಲಕ್ಕೆ ಸೀಳುತ್ತದೆ, ದಪ್ಪದ್ದು ಕೊಳ್ಳಿ. ತಟ್ಟೆಗೆ ತುಂಬುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಹಿಂಡಿ ತೊಳೆದೇ ಬಳಸಿ. ಕೆಲವದರಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ, ಎಲೆ ಅಂಚು ಸುಡುತ್ತದೆ.

ಹಂತ 5: ಕೊಯ್ಲು

ಸೊಪ್ಪನ್ನು ಬಿಸಿಲು ಏರುವ ಮೊದಲೇ ಕೊಯ್ದು, ಕೂಡಲೇ ತಣ್ಣೀರಲ್ಲಿ ಅದ್ದಿ ನೆರಳಿಗೆ ಸಾಗಿಸಿ. ಕ್ಯಾರೆಟ್‌ನ ಸೊಪ್ಪು ಕಿತ್ತುಬಿಡಿ, ಇಲ್ಲದಿದ್ದರೆ ಅದು ಗೆಡ್ಡೆಯ ನೀರು ಹೀರಿ ಬಾಡಿಸುತ್ತದೆ. ಬೀಟ್‌ರೂಟ್‌ಗೆ ಎರಡು ಬೆರಳಷ್ಟು ದಂಟು ಉಳಿಸಿ. ಟೊಮೆಟೊ, ಸೌತೆ, ಬದನೆಯನ್ನು ಫ್ರಿಜ್ಜಿನ ಚಳಿಗೆ ಇಡಬೇಡಿ, ರುಚಿಯೂ ಕೆಡುತ್ತದೆ, ಮೈಯೂ ಕೆಡುತ್ತದೆ. ಬೀನ್ಸ್, ಸೌತೆಯನ್ನು ಹಂಚುವ ದಿನ ಬರಲಿ ಅಂತ ಗಿಡದಲ್ಲೇ ಬಿಡುವುದು ದೊಡ್ಡ ತಪ್ಪು. ಎರಡು ಮೂರು ದಿನಕ್ಕೊಮ್ಮೆ ಕೀಳಲೇಬೇಕು. ಕಾಯಿ ಬಲಿತು ಬೀಜ ಕಟ್ಟಿತೆಂದರೆ ಗಿಡ ಹೊಸ ಹೂವು ಬಿಡುವುದನ್ನು ಕಡಿಮೆ ಮಾಡುತ್ತದೆ.

ಹಂತ 6: ಹಂಚಿಕೆ

ಮೊದಲೇ ಕಟ್ಟಿಟ್ಟ ಬುಟ್ಟಿಗಿಂತ ಕ್ರೇಟುಗಳನ್ನು ಸಾಲಾಗಿಟ್ಟು ‘ಮನೆಗೆ ಅರ್ಧ ಕೆಜಿ’, ‘ಮನೆಗೆ ಒಂದು ಕಟ್ಟು’ ಅಂತ ಫಲಕ ಹಾಕಿ, ಪಾಲುದಾರರೇ ತೂಗಿಕೊಳ್ಳಲಿ. ಆದರೆ ಎಲ್ಲವನ್ನೂ ಒಮ್ಮೆಗೇ ಹೊರಗಿಡಬೇಡಿ. ಅರ್ಧ ಒಳಗಿಟ್ಟು, ಹೊತ್ತು ಕಳೆದ ಮೇಲೆ ತನ್ನಿ. ಇಲ್ಲದಿದ್ದರೆ ಬೇಗ ಬಂದವರು ಚಂದದ್ದನ್ನೆಲ್ಲ ಆರಿಸಿಕೊಂಡು ಹೋಗಿರುತ್ತಾರೆ, ಕೆಲಸ ಮುಗಿಸಿ ಕೊನೆಗೆ ಬರುವವರಿಗೆ ಸೊಟ್ಟ ಕ್ಯಾರೆಟ್, ಮುರಿದ ಬೀನ್ಸ್ ಗತಿ. ಅವರೂ ಅಷ್ಟೇ ದುಡ್ಡು ಕೊಟ್ಟವರು.

ಪಕ್ಕದಲ್ಲಿ ಒಂದು ಅದಲುಬದಲು ಕ್ರೇಟ್ ಇಡಿ. ಬದನೆ ಬೇಡದವರು ಅದರಲ್ಲಿ ಬಿಟ್ಟು ಬೇಕಾದ್ದನ್ನು ತೆಗೆದುಕೊಳ್ಳಲಿ. ಹೊಸದಾಗಿ ಕೊಯ್ಲಿಗೆ ಬಂದ ಟೊಮೆಟೊ ಒಂಬತ್ತೇ ಕೆಜಿ ಇದ್ದರೆ ಅದನ್ನು 40 ಮನೆಗೆ ಎರಡೆರಡು ಹಣ್ಣಿನಂತೆ ಚೂರು ಮಾಡಬೇಡಿ, ಯಾರ ಅಡುಗೆಗೂ ಆಗುವುದಿಲ್ಲ. ಈ ವಾರ ಅರ್ಧ ಮನೆಗಳಿಗೆ, ಮುಂದಿನ ವಾರ ಉಳಿದರ್ಧಕ್ಕೆ ಕೊಟ್ಟು, ಯಾರಿಗೆ ಕೊಟ್ಟಿರಿ ಅಂತ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಎಲ್ಲರೂ ಹೋದ ಮೇಲೆ ಅದೇ ಸಂಜೆ ನೋಟ್‌ಬುಕ್ ತೆರೆಯಿರಿ. ಏನು ಉಳಿಯಿತು, ಯಾವುದು ಸಾಲದೇ ಹೋಯಿತು, ಆ ಕಂತು ಬಿತ್ತಿದ ದಿನ ಯಾವುದು, ಕಿತ್ತ ದಿನ ಯಾವುದು ಅಂತ ಬರೆಯಿರಿ. ಮುಂದಿನ ವರ್ಷ ಪೊಟ್ಟಣದ ಮೇಲಿನ ದಿನಗಳನ್ನು ಬಿಟ್ಟು ಈ ದಿನಗಳಿಂದಲೇ ಹಿಂದಕ್ಕೆ ಎಣಿಸಿ.