ಮಲ್ಚರ್ ಹೊಡೆಯುವ ಮುಂಚೆ ತೋಟ ಸುತ್ತುತ್ತೇನೆ

ತಿಪಟೂರಿನ ಹತ್ತಿರ ನಮ್ಮದು 4 ಎಕರೆ ತೆಂಗಿನ ತೋಟ. ಸಾಲಿಂದ ಸಾಲಿಗೆ 30 ಅಡಿ. ಮಳೆ ಹಿಡಿದು ತಿಂಗಳಾದರೆ ಸಾಕು, ಮಂಡಿಯುದ್ದ ಹುಲ್ಲು, ಕಾಂಗ್ರೆಸ್ ಗಿಡ. ಬದುವಿನ ಮೇಲೆ ಲಂಟಾನ. ಮೊದಲೆಲ್ಲ ರೋಟವೇಟರ್ ಹೊಡೆಯುತ್ತಿದ್ದೆ. ಅದು ತೆಂಗಿನ ಮೇಲ್ಬೇರನ್ನೂ ಕತ್ತರಿಸುತ್ತದೆ. ಹಾಗಾಗಿ 45 ಎಚ್‌ಪಿ ಟ್ರ್ಯಾಕ್ಟರ್‌ಗೆ ಹೊಂದುವ ಹಳೆಯ ಫ್ಲೇಲ್ ಮೋವರ್ ಕೊಂಡೆ. ನಾವು ಅದನ್ನು ಮಲ್ಚರ್ ಅಂತಲೇ ಕರೆಯುತ್ತೇವೆ. ಮಣ್ಣು ಮುಟ್ಟದೆ ಹುಲ್ಲನ್ನು ಚೂರು ಮಾಡಿ ಅಲ್ಲೇ ಹರಡುತ್ತದೆ.

ತಂದಾಗಲೇ ಹಿಂದಿನ ರಬ್ಬರ್ ಪರದೆ ಹರಿದಿತ್ತು. ಆಮೇಲೆ ಹಾಕಿಸಿದರಾಯಿತು ಅಂತ ಕೆಲಸ ಶುರು ಮಾಡಿಬಿಟ್ಟೆ. ಎರಡನೇ ಸಾಲಿನಲ್ಲಿ ಟಣ್ ಅಂತ ಸದ್ದು. ಮುಷ್ಟಿ ಗಾತ್ರದ ಕಲ್ಲು ಹಾರಿಹೋಗಿ ಪಂಪ್ ಮನೆಯ ತಗಡಿಗೆ ಬಡಿಯಿತು. ಐದು ನಿಮಿಷ ಮುಂಚೆ ಮಗಳು ಅಲ್ಲೇ ನಿಂತು, "ಅಪ್ಪಾ, ನೀರು ಇಲ್ಲಿಟ್ಟಿದ್ದೀನಿ" ಅಂತ ಕೂಗಿ ಹೋಗಿದ್ದಳು. ನನಗೆ ಕೈಕಾಲು ತಣ್ಣಗಾದವು. ಅವತ್ತೇ ಯಂತ್ರ ಬಿಚ್ಚಿಟ್ಟೆ. ಹಿಂದೆ ಹೊಸ ರಬ್ಬರ್, ಮುಂದೆ ಸರಪಳಿ ಹಾಕಿಸಿದ ಮೇಲೆಯೇ ಮತ್ತೆ ಕಟ್ಟಿದ್ದು.

ಮಲ್ಚರಿನ ಸುತ್ತಿಗೆಯಂಥ ಬ್ಲೇಡುಗಳು ರೋಟರಿಗೆ, ಅಂದರೆ ಒಳಗೆ ತಿರುಗುವ ಉರುಳೆಗೆ, ಸಡಿಲವಾಗಿ ನೇತಾಡುತ್ತವೆ. ಕಲ್ಲು ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಅದಕ್ಕೇ ಎಷ್ಟೋ ಜನ ಕಲ್ಲಿದ್ದರೂ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಬ್ಲೇಡ್ ಉಳಿಯುತ್ತದೆ, ನಿಜ. ಆದರೆ ಆ ಕಲ್ಲು ಎಲ್ಲಿಗೆ ಹೋಗುತ್ತದೆ?

ಹಾಗಾಗಿ ಈಗ ಹಿಂದಿನ ಸಂಜೆಯೇ ಸಾಲು ಸಾಲು ನಡೆಯುತ್ತೇನೆ. ಕಾಲಿಗೆ ಗಂಬೂಟು, ಕೈಯಲ್ಲಿ ಉದ್ದನೆಯ ಕೋಲು. ಆ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಸುಮ್ನೆ ಕಾಲಿಡಬಾರದು. ಕಲ್ಲು ಆರಿಸಿ ಮರದ ಬುಡಕ್ಕೆ ಹಾಕುತ್ತೇನೆ. ಎತ್ತಲಾಗದ ಬಂಡೆಯ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಡುತ್ತೇನೆ. ಡ್ರಿಪ್ ಪೈಪ್ ಸುತ್ತಿಡುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಹುಡುಕುವುದು ಹಳೆಯ ಬೇಲಿ ತಂತಿ. ರೋಟರಿಗೆ ಒಂದು ಗೇಣು ತಂತಿ ಸಿಕ್ಕರೂ ತುಂಡಾಗಿ ಗುಂಡಿನಂತೆ ಹಾರಬಹುದು. ಉದ್ದ ತಂತಿಯಾದರೆ ಸುತ್ತಿಕೊಂಡು ಬೇರಿಂಗ್ ಹಾಳು ಮಾಡುತ್ತದೆ. 4 ಎಕರೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಆ ಹೊತ್ತಿನ ಬಗ್ಗೆ ನನಗೆ ಬೇಜಾರಿಲ್ಲ.

ಪಂಚೆ, ಹೆಗಲ ಮೇಲಿನ ಟವೆಲ್ ಎರಡೂ ಮನೆಯಲ್ಲೇ. ಟ್ರ್ಯಾಕ್ಟರಿನ ಹಿಂದೆ ಮಲ್ಚರ್ ತಿರುಗಿಸುವ ಶಾಫ್ಟನ್ನು ಪಿಟಿಒ ಅನ್ನುತ್ತಾರೆ. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಟವೆಲಿನ ತುದಿ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಎಲ್ಲಿದೆ? ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಅವತ್ತು ಕೆಲಸವೇ ಇಲ್ಲ.

ಶುರು ಮಾಡುವಾಗ ಎಂಜಿನ್ ನಿಧಾನ ಇಟ್ಟು ಪಿಟಿಒ ಹಾಕಿ, ಆಮೇಲೆ ವೇಗ ಏರಿಸುತ್ತೇನೆ. ನೆಲದಿಂದ ಮೂರು ಇಂಚು ಎತ್ತರ ಬಿಡುತ್ತೇನೆ. ದಟ್ಟ ಹುಲ್ಲಿಗೆ ಫಸ್ಟ್ ಲೋ ಗೇರ್. ಹೆಬ್ಬೆರಳಿಗಿಂತ ದಪ್ಪನೆಯ ಲಂಟಾನವನ್ನು ಮಚ್ಚಿನಲ್ಲೇ ಕಡಿದು ತೆಗೆಯುತ್ತೇನೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ ಹೊಡೆಯಬೇಕು, ಮೈಕೈ ಮುಚ್ಚಿಕೊಂಡು. ಕಾಲುವೆ ಎಷ್ಟು ಆಳವೋ ಅದರ ಅಂಚಿನಿಂದ ಕನಿಷ್ಠ ಅಷ್ಟು ದೂರ ಚಕ್ರ ಇರಬೇಕು. ಮಳೆ ನೆನೆದ ಅಂಚು ಕುಸಿದರೆ ಟ್ರ್ಯಾಕ್ಟರೇ ಮಗುಚುತ್ತದೆ.

ಬೆಳ್ಳಕ್ಕಿಗಳು ಹಿಂದೆ ಹಿಂದೆ ಬರುತ್ತವೆ. ಅದನ್ನು ನೋಡಲು ಮಕ್ಕಳೂ ಬರುತ್ತಾರೆ. 300 ಅಡಿಯೊಳಗೆ ಯಾರಾದರೂ ಕಂಡರೆ ಮೊದಲು ಪಿಟಿಒ ಆಫ್. ಒಮ್ಮೆ ಪಕ್ಕದ ತೋಟದ ಅಣ್ಣ ಮಾತಾಡಲು ನೇರ ಹತ್ತಿರ ಬಂದರು. ಯಂತ್ರ ನಿಲ್ಲಿಸಿ, "ಅಣ್ಣಾ, ಕೈ ಮಾಡಿದರೆ ಸಾಕು, ನಾನೇ ಬರ್ತೀನಿ" ಅಂದೆ. ಈಗ ಅವರು ಬದುವಿನ ಮೇಲೇ ನಿಂತು ಕೈ ಬೀಸುತ್ತಾರೆ.

ಹೋದ ವರ್ಷ ಒಂದು ಬ್ಲೇಡ್ ಕಳಚಿ ಯಂತ್ರ ನಡುಗತೊಡಗಿತು. ಅದೊಂದನ್ನೇ ಹಾಕದೆ ಎದುರು ಬದಿಯದನ್ನೂ ಬದಲಿಸಿದೆ. ಇಲ್ಲದಿದ್ದರೆ ತೂಕ ಏರುಪೇರಾಗುತ್ತದೆ. ಯಂತ್ರವನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ನಂಬಿ ಅಡಿಗೆ ಕೈ ಹಾಕುವುದಿಲ್ಲ, ಎರಡೂ ಬದಿಗೆ ಮರದ ದಿಮ್ಮಿ ಕೊಡುತ್ತೇನೆ.

ಪಿಟಿಒ ಆಫ್ ಮಾಡಿದರೂ ರೋಟರ್ ತಕ್ಷಣ ನಿಲ್ಲುವುದಿಲ್ಲ. ಯಂತ್ರ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ಸೀಟಿನಲ್ಲೇ ಕೂರುತ್ತೇನೆ. ಗರಗರ ಸದ್ದು ಪೂರ್ತಿ ಅಡಗಿದ ಮೇಲೆ ಇಳಿದು, ಅಂಟಿದ ಹಸಿ ಹುಲ್ಲನ್ನು ಕೋಲಿನಿಂದ ಕೆರೆದು, ಗ್ರೀಸ್ ಹೊಡೆದು ಮನೆಗೆ ಹೋಗುತ್ತೇನೆ.