ಕ್ಯಾಶ್ ಗೋದಾಮಿನಲ್ಲಿ ಚೀಲ ಹುಡುಕುವುದು ಹೇಗೆ?

ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿದ್ದೀರಲ್ವಾ? ರಾಶಿ, ಬೆಟ್ಟೆ, ಸರಕು, ಗೊರಬಲು, ಎಲ್ಲೆಲ್ಲೂ ಚೀಲ. ಒಂದು ಚೀಲ ಬೇಕೆಂದರೆ ಹಮಾಲರು ಅಷ್ಟನ್ನೂ ಮಗುಚಬೇಕೇ? ಚೀಲದ ನಂಬರೇ ಸಾಲನ್ನೂ ಹೇಳುವಂತಿದ್ದರೆ ಆ ಕಷ್ಟವಿಲ್ಲ. ಪ್ರೊಸೆಸರ್‌ನ ಕ್ಯಾಶ್, ಅಂದರೆ ಬೇಗ ಬೇಕಾಗುವ ಡೇಟಾವನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಪುಟ್ಟ ಮೆಮೊರಿ, ನಡೆಯುವುದು ಹೀಗೆಯೇ. ಪೆನ್ನು, ಹಾಳೆ ತಗೊಳ್ಳಿ.

ಮೊದಲು ಗೋದಾಮಿನ ಅಳತೆ. 32 ಕಿಲೋಬೈಟ್‌ನ ಎಲ್1 (ಮೊದಲ ಹಂತದ) ಕ್ಯಾಶ್ ಎಂದಿಟ್ಟುಕೊಳ್ಳೋಣ. ಮೆಮೊರಿಯಿಂದ ಡೇಟಾ ಬರುವುದು 64 ಬೈಟ್‌ನ ಚೀಲವಾಗಿ. ಇದಕ್ಕೆ ಲೈನ್ ಎನ್ನುತ್ತಾರೆ. 32,768 ಭಾಗಿಸು 64, ಒಟ್ಟು 512 ಲೈನ್. ಸಾಲಿಗೆ 8ರಂತೆ ಜೋಡಿಸಿದರೆ 64 ಸಾಲು. ಈ ಸಾಲಿನ ಹೆಸರು ಸೆಟ್.

ಈಗ ವಿಳಾಸ. 1,00,000ನೇ ಬೈಟ್ ಬೇಕು. 64ರಿಂದ ಭಾಗಿಸಿ: ಭಾಗಲಬ್ಧ 1562, ಶೇಷ 32. ಚೀಲದೊಳಗೆ ಎಲ್ಲಿ ಕೈ ಹಾಕಬೇಕು ಎಂಬುದೇ ಆ 32. 1562ನ್ನು ಮತ್ತೆ 64ರಿಂದ ಭಾಗಿಸಿ: ಭಾಗಲಬ್ಧ 24, ಶೇಷ 26. ಅಂದರೆ 26ನೇ ಸೆಟ್. ಉಳಿದ 24 ಚೀಲಕ್ಕೆ ಕಟ್ಟಿದ ಚೀಟಿ, ಅದೇ ಟ್ಯಾಗ್. ಆ ಸೆಟ್‌ನ ಎಂಟೂ ಚೀಟಿಗಳನ್ನು ಒಟ್ಟಿಗೇ ನೋಡುತ್ತಾರೆ. 24 ಸಿಕ್ಕರೆ ಹಿಟ್, ಇಲ್ಲದಿದ್ದರೆ ಮಿಸ್. ಮಿಸ್ ಆದರೆ ಮುಂದಿನ ಕ್ಯಾಶ್, ಅಲ್ಲೂ ಇಲ್ಲದಿದ್ದರೆ ದೂರದ ರ‍್ಯಾಮ್. ಯಂತ್ರ ನಮ್ಮ ಹಾಗೆ ಭಾಗಾಕಾರ ಮಾಡುತ್ತಾ ಕೂರುವುದಿಲ್ಲ. 64 ಎಂದರೆ 2ರ 6ನೇ ಘಾತ, ಹಾಗಾಗಿ 0, 1ರಲ್ಲಿ ಬರೆದ ವಿಳಾಸದ ಕೊನೆಯ 6 ಬಿಟ್ (ಅಂಕಿ), ಅದರ ಹಿಂದಿನ 6 ಬಿಟ್ ಎಂದು ಕತ್ತರಿಸಿಕೊಂಡರೆ ಮುಗಿಯಿತು.

ತಕರಾರು ಇರುವುದು ಇಲ್ಲಿ. 1,04,096ಕ್ಕೂ ಇದೇ ಲೆಕ್ಕ ಮಾಡಿ ನೋಡಿ. ಅದಕ್ಕೂ 26ನೇ ಸೆಟ್ಟೇ! ಚೀಟಿ ಮಾತ್ರ 25. 4096 ಬೈಟ್ ಅಂತರದ ವಿಳಾಸಗಳೆಲ್ಲ ಒಂದೇ ಸಾಲಿಗೆ ಬಂದು ಬೀಳುತ್ತವೆ. ಒಂಬತ್ತನೆಯದು ಬಂದರೆ ಒಳಗಿರುವ ಒಂದು ಹೊರಗೆ, ಸಾಮಾನ್ಯವಾಗಿ ಬಹಳ ಹೊತ್ತಿನಿಂದ ಯಾರೂ ಕೇಳದ್ದು. ಪಕ್ಕದ ಸಾಲು ಪೂರ್ತಿ ಖಾಲಿಯಿದ್ದರೂ ಅಷ್ಟೇ. ಮಂಡಿಯಲ್ಲಿ ಹೀಗೆ ಮಾಡಿದರೆ ಸೀಸನ್‌ನಲ್ಲಿ ಜಗಳ ಗ್ಯಾರಂಟಿ.

ಪ್ರೋಗ್ರಾಂ ಬರೆಯುವವರು ಇದಕ್ಕೆ ಗೊತ್ತಿಲ್ಲದೆಯೇ ಸಿಕ್ಕಿಬೀಳುತ್ತಾರೆ. 256 ಅಡ್ಡಸಾಲು, 1024 ಕಂಬಸಾಲಿನ ಕೋಷ್ಟಕವಿದೆ, ಒಂದು ಸಂಖ್ಯೆಗೆ 4 ಬೈಟ್ ಎನ್ನಿ. ಅಡ್ಡಸಾಲುಗಳು ಮೆಮೊರಿಯಲ್ಲಿ ಒಂದರ ಹಿಂದೆ ಒಂದು ಕೂತಿವೆ, ಒಂದು ಅಡ್ಡಸಾಲು ಸರಿಯಾಗಿ 4096 ಬೈಟ್. ಮೇಲಿನಿಂದ ಕೆಳಗೆ ಓದುತ್ತಾ ಹೋದರೆ 256 ಲೈನ್‌ಗಳು ಎಂಟೇ ಜಾಗಕ್ಕೆ ಗುದ್ದಾಡುತ್ತವೆ. ಎಡದಿಂದ ಬಲಕ್ಕೆ ಓದಿದರೆ ಈ ರಗಳೆಯೇ ಇಲ್ಲ. ಕೆಳಮುಖವಾಗಿಯೇ ಓದಬೇಕೆಂದರೆ ಪ್ರತಿ ಅಡ್ಡಸಾಲಿನ ಕೊನೆಗೆ 16 ಸಂಖ್ಯೆಯಷ್ಟು ಜಾಗ ಸುಮ್ನೆ ಖಾಲಿ ಬಿಡಿ. ಅಡ್ಡಸಾಲು ಮೊದಲಿಗಿಂತ 64 ಬೈಟ್ ಹೆಚ್ಚು ಉದ್ದವಾಗುತ್ತದೆ, ಪ್ರತಿ ಸಲವೂ ಮುಂದಿನ ಸೆಟ್ ಸಿಗುತ್ತದೆ. ಆಗ ಒಂದೊಂದು ಸೆಟ್‌ಗೆ ನಾಲ್ಕೇ ಚೀಲ.