ಬ್ರಿಟನ್‌ನಲ್ಲಿ ಮತ್ತೆ ನರ್ಸ್ ಆಗಿದ್ದು: ನನ್ನ ಅನುಭವ

ಮಂಡ್ಯದಲ್ಲಿ ಎಂಟು ವರ್ಷ ನರ್ಸ್ ಆಗಿದ್ದೆ. ಬ್ರಿಟನ್‌ಗೆ ಬಂದ ಮೊದಲ ತಿಂಗಳುಗಳಲ್ಲಿ ಹಾಗೆ ಹೇಳಿಕೊಳ್ಳುವ ಹಾಗಿರಲಿಲ್ಲ. ನರ್ಸ್‌ಗಳನ್ನು ನೋಂದಾಯಿಸುವ ಇಲ್ಲಿನ ಮಂಡಳಿ ಎನ್‌ಎಂಸಿ, ಪಿನ್ ನಂಬರ್ (ನೋಂದಣಿ ಸಂಖ್ಯೆ) ಕೊಟ್ಟರೆ ಮಾತ್ರ ರಿಜಿಸ್ಟರ್ಡ್ ನರ್ಸ್.

ಊರಿಗೆ ಹೋದಾಗೆಲ್ಲ ಜೂನಿಯರ್‌ಗಳು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬಗ್ಗೆಯೇ ಕೇಳುತ್ತಾರೆ. ಬರವಣಿಗೆಗೆ 6.5, ಓದು, ಕೇಳುವುದು, ಮಾತು ಈ ಮೂರಕ್ಕೂ 7 ಬೇಕು. ಕಷ್ಟ ನಿಜ, ಆದರೆ ಅದಕ್ಕೆ ಕೋಚಿಂಗ್ ಇದೆ. ನನ್ನನ್ನು ಜಾಸ್ತಿ ಕಾಡಿದ್ದು ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಪಕ್ಕ ಎರಡು ಅಕ್ಷರ, ಊರಿನದೊಂದು, ಅಪ್ಪನದೊಂದು. ನರ್ಸಿಂಗ್ ರಿಜಿಸ್ಟ್ರೇಷನ್‌ನಲ್ಲಿ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಬರೆದು ಸರ್‌ನೇಮ್ ಮಾಡಿದ್ದರು. ನಮ್ಮ ಕಡೆ ಇದನ್ನ ಯಾರು ನೋಡ್ತಾರೆ, ಅಲ್ವಾ? ಎನ್‌ಎಂಸಿಯವರು ನೋಡುತ್ತಾರೆ. ಮೂರೂ ಹೆಸರು ನನ್ನದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆ ಹರಡಿಕೊಂಡು ಹೆಸರು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಏಜೆಂಟರಿಗೆ ದುಡ್ಡು ಕೊಡಬೇಡಿ. ಕೆಲಸ ಕೊಡಿಸೋದಕ್ಕೆ ನರ್ಸ್‌ಗಳಿಂದ ಫೀಸ್ ತಗೊಳ್ಳಬಾರದು ಅಂತ ಬ್ರಿಟನ್‌ನ ನೇಮಕಾತಿ ನಿಯಮವೇ ಇದೆ.

ಪಿನ್ ಸಿಗೋಕೆ ನರ್ಸಿಂಗ್‌ನಲ್ಲಿ ಎರಡು ಪರೀಕ್ಷೆ. ಮೊದಲನೆಯದು ಕಂಪ್ಯೂಟರ್‌ನಲ್ಲಿ ಬರೆಯೋದು, ಅದನ್ನು ಬೆಂಗಳೂರಿನಲ್ಲೇ ಬರೆದೆ. ಎರಡನೆಯದು ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. ಅದನ್ನು ಬ್ರಿಟನ್‌ಗೇ ಬಂದು ಕೊಡಬೇಕು, ಒಟ್ಟು 10 ಸ್ಟೇಷನ್, ಒಂದೊಂದರಲ್ಲೂ ಒಂದೊಂದು ಕೆಲಸ. ಔಷಧಿ ಕೊಡುವ ಸ್ಟೇಷನ್‌ನಲ್ಲಿ ಫೇಲಾದೆ. ರೋಗಿಯ ಹೆಸರಿರುವ ಕೈಪಟ್ಟಿ ನೋಡಿದ್ದೆ. ಚಾರ್ಟಿನಲ್ಲಿ ಅಲರ್ಜಿ ಕಾಲಂ ನೋಡಿದ್ದೆ. ಆದರೆ ರೋಗಿಯನ್ನು ಬಾಯಿಬಿಟ್ಟು ಕೇಳಿರಲಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬಳೇ ಮೂವತ್ತು ಹಾಸಿಗೆ ನೋಡಿಕೊಂಡವಳು ನಾನು. ಕಣ್ಣು, ಕೈ ತಾವಾಗೇ ಕೆಲಸ ಮಾಡಿಬಿಡುತ್ತವೆ, ಮಾತಿಗೆ ಪುರುಸೊತ್ತೇ ಇರಲ್ಲ. ಕಣ್ಣಲ್ಲಿ ನೋಡಿದ್ದಕ್ಕೆ ಇಲ್ಲಿ ಅಂಕವಿಲ್ಲ. ಆ ರಾತ್ರಿ ತುಂಬಾ ಅತ್ತೆ. ಅನ್ಯಾಯ ಅನ್ನಿಸಿತು.

ಫೇಲಾದ ಸ್ಟೇಷನ್ ಒಂದನ್ನೇ ಮತ್ತೆ ಕೊಡಬೇಕಿತ್ತು. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಅವ್ವನಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅವ್ವ ದಿವಾನದ ಮೇಲೆ ಮಲಗಿ ರೋಗಿ ಆಗುತ್ತಿದ್ದಳು. ನಿಮ್ಮ ಹೆಸರೇನು, ಹುಟ್ಟಿದ ದಿನ ಯಾವುದು, ಯಾವುದಾದರೂ ಔಷಧಿ ಒಗ್ಗಲ್ವಾ?

"ಹುಟ್ಟಿದ ದಿನ ಗೊತ್ತಿಲ್ಲ ಕಣವ್ವ" ಅಂದಳು ಒಂದು ದಿನ. "ಪೆನ್ಸಿಲಿನ್ ಆಗಲ್ಲ. ನೀನು ಹುಟ್ಟಿದಾಗ ಸೂಜಿ ಹಾಕಿ, ಮೈಯೆಲ್ಲಾ ದದ್ದು ಎದ್ದಿತ್ತು."

ಸುಮ್ನೆ ಕೂತುಬಿಟ್ಟೆ. ಎಂಟು ವರ್ಷ ನರ್ಸ್ ಆಗಿದ್ದವಳು, ಅವ್ವನನ್ನು ಇದನ್ನು ಕೇಳಿಯೇ ಇರಲಿಲ್ಲ. ಅವತ್ತೇ ಅಣ್ಣನಿಗೆ ಹೇಳಿ ಅವಳ ಆಸ್ಪತ್ರೆ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿದೆ.